ಗೋಡೆ ದಾಟುವ ದನಿ, ಕಣ್ಣು ಹಿಡಿಯುವ ಬೆಳಕು

ಇದು ಬಹಳ ವರ್ಷಗಳ ಹಿಂದಿನ ಮಾತು. ಹುಮನಾಬಾದ ಹತ್ತಿರದ ಮಾಣಿಕನಗರದಲ್ಲಿ ನಮ್ಮ ಕಲಿಕೆ ಕೇಂದ್ರ ರಾತ್ರಿ ನಡೆಯುತ್ತಿತ್ತು. ಹೊಲದ ಕೆಲಸ ಮುಗಿಯಬೇಕು. ರೊಟ್ಟಿ ಬಡಿಯಬೇಕು. ಮಕ್ಕಳಿಗೆ ಉಣಿಸಬೇಕು. ಆಮೇಲೆ ಹೆಣ್ಣುಮಕ್ಕಳು ಪಾಟಿ ಹಿಡಿದುಕೊಂಡು ಬರುತ್ತಿದ್ದರು. ಕರೆಂಟು ಇದ್ದರೆ ಬಲ್ಬು. ಇಲ್ಲದಿದ್ದರೆ ಕಂದೀಲು.

ಕೇಂದ್ರಕ್ಕೆ ಒಬ್ಬ ಆಯಿ ಬರುತ್ತಿದ್ದರು. ವಯಸ್ಸು ಅರವತ್ತು ದಾಟಿತ್ತು. ಅವರ ಹತ್ತಿರ ಒಂದು ಹಳೆಯ ರೇಡಿಯೊ ಇತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿ, ಕೂಸಿನ ಹಾಗೆ ಎತ್ತಿಕೊಂಡು ಬರುತ್ತಿದ್ದರು. ಪಾಠ ಶುರುವಾಗುವ ತನಕ ಎಲ್ಲರೂ ರೇಡಿಯೊ ಕೇಳುತ್ತಿದ್ದೆವು. ಮುಳ್ಳು ಯಾವಾಗಲೂ ಗುಲಬರ್ಗಾ ಕೇಂದ್ರದ ಮೇಲೆಯೇ ಇರುತ್ತಿತ್ತು. ಆಗ ಊರಿನ ಹೆಸರು ಗುಲಬರ್ಗಾ. 2014ರಿಂದ ಅದು ಕಲಬುರಗಿ.

ಒಂದು ರಾತ್ರಿ ಆಯಿ ಒಮ್ಮೆಲೆ ಕೇಳಿದರು:

"ಅಕ್ಕೋರೆ, ಬಾಗಲಾ ಹಾಕೀವಿ. ಕಿಡಕಿ ಹಾಕೀವಿ. ಹೊರಗಿನ ದೀಪದ ಬೆಳಕು ಒಳಗ ಬರವಲ್ದು. ಈ ರೇಡಿಯೊದಾಗಿನ ದನಿ ಹ್ಯಾಂಗ ಬರ್ತದ್ರಿ? ಅದಕ್ಕ ಗ್ವಾಡಿ ಅಡ್ಡ ಬರಂಗಿಲ್ಲೇನು?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಪ್ರಶ್ನೆ ಸಣ್ಣದಲ್ಲ. ನನಗೂ ಉತ್ತರ ಸರಿಯಾಗಿ ಗೊತ್ತಿರಲಿಲ್ಲ. "ಆಯಿ, ನಾಲ್ಕು ದಿನ ಟೈಮ್ ಕೊಡ್ರಿ, ಓದಿಕೊಂಡು ಬಂದು ಹೇಳ್ತೀನಿ" ಎಂದೆ.

ಅವತ್ತು ಪಾಠ ಮುಗಿದ ಮೇಲೆ ಇನ್ನೊಬ್ಬಳು ಹಿಂದೆ ಉಳಿದಳು. ಚಿಕ್ಕ ವಯಸ್ಸಿನ ತಾಯಿ. ಅವಳ ಮಗಳಿಗೆ ನಾಲ್ಕು ವರ್ಷ. ಮಗು ಅವಳ ಸೆರಗು ಹಿಡಿದೇ ನಿಂತಿತ್ತು. ತಾಯಿ ಮೆಲ್ಲಗೆ ಹೇಳಿದಳು:

"ಅಕ್ಕೋರೆ, ಇವಳು ಹಗಲೆಲ್ಲಾ ಚೆಂದಾಗಿ ಆಡ್ತಾಳ. ಸಂಜಿ ಆತಂದ್ರ ಎಡವತಾಳ. ಎದುರಿಗಿಟ್ಟ ತಾಟು ಕಾಣಂಗಿಲ್ಲ. ಅತ್ತಿ ಅಂತಾರ, ಯಾರದೋ ನೆದರು ಆಗ್ಯಾದ ಅಂತ. ದಾರಾ ಕಟ್ಟಿಸೀವಿ. ಏನೂ ಆಗಿಲ್ಲ."

ಆಯಿಯ ಪ್ರಶ್ನೆ ಒಂದು. ಈ ತಾಯಿಯ ದುಃಖ ಇನ್ನೊಂದು. ಇವೆರಡಕ್ಕೂ ನಂಟಿದೆ ಎಂದು ನನಗೆ ಅವತ್ತು ತಿಳಿದಿರಲಿಲ್ಲ. ಮೊದಲು ಆಯಿಯ ಪ್ರಶ್ನೆ ನೋಡೋಣ.

ಅಲೆ ಎಂದರೇನು?

ಕೆರೆಯ ನೀರಿನಲ್ಲಿ ಒಂದು ಕಲ್ಲು ಹಾಕಿ. ಅಲೆ ಏಳುತ್ತದೆ. ಸುತ್ತಲೂ ಹರಡುತ್ತದೆ. ದೂರದಲ್ಲಿ ಒಂದು ಖಾಲಿ ಕೊಡ ತೇಲುತ್ತಿದೆ ಎಂದು ಇಟ್ಟುಕೊಳ್ಳಿ. ಅಲೆ ಅಲ್ಲಿಗೆ ಹೋದಾಗ ಕೊಡ ಏರುತ್ತದೆ, ಇಳಿಯುತ್ತದೆ. ಕಲ್ಲು ಕೊಡದ ಹತ್ತಿರ ಹೋಗಲಿಲ್ಲ. ಇಲ್ಲಿನ ನೀರೂ ಅಲ್ಲಿಗೆ ಹೋಗಲಿಲ್ಲ. ಹೋದದ್ದು ಅಲುಗಾಟ ಮಾತ್ರ.

ರೇಡಿಯೊ ಕೇಂದ್ರದಲ್ಲಿ ಒಂದು ಎತ್ತರದ ಕಂಬ ಇರುತ್ತದೆ. ಆ ಲೋಹದ ಕಂಬದಲ್ಲಿ ಕರೆಂಟನ್ನು ಮೇಲೆ ಕೆಳಗೆ ಓಡಿಸುತ್ತಾರೆ. ಕಲಬುರಗಿ ಕೇಂದ್ರದ ಮೀಡಿಯಂ ವೇವ್ ಪ್ರಸಾರ ಆಗ 1107 ಕಿಲೋಹರ್ಟ್ಜ್ ಎಂಬ ಅಂಕಿಯ ಮೇಲೆ ಬರುತ್ತಿತ್ತು. ಅಂದರೆ ಒಂದು ಸೆಕೆಂಡಿಗೆ 11 ಲಕ್ಷ 7 ಸಾವಿರ ಸಲ ಕರೆಂಟು ಮೇಲೆ ಕೆಳಗೆ ಓಡುತ್ತಿತ್ತು. ಅಲ್ಲಿಂದ ಅಲೆ ಏಳುತ್ತದೆ. ಅದು ಗಾಳಿಯ ಅಲೆಯಲ್ಲ, ನೀರಿನ ಅಲೆಯಲ್ಲ. ವಿದ್ಯುತ್ತಿನ ಮತ್ತು ಅಯಸ್ಕಾಂತದ ಅಲೆ. ಅದಕ್ಕೆ ಗಾಳಿಯೂ ಬೇಡ. ಬರಿದಾದ ಆಕಾಶದಲ್ಲೂ ಹೋಗುತ್ತದೆ.

ಅದರ ಓಟ ಎಷ್ಟು ಗೊತ್ತೇ? ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್. ಕಲಬುರಗಿಯಿಂದ ಹುಮನಾಬಾದ ಸುಮಾರು 60 ಕಿಲೋಮೀಟರ್. ಬಸ್ಸಿಗೆ ಒಂದು ತಾಸಿಗೂ ಹೆಚ್ಚು ಬೇಕು. ರೇಡಿಯೊ ಅಲೆಗೆ ಬೇಕಾದದ್ದು ಒಂದು ಸೆಕೆಂಡಿನ ಐದು ಸಾವಿರದಲ್ಲಿ ಒಂದು ಪಾಲು. ಇದರಿಂದ ಒಂದು ಮೋಜು ಆಗುತ್ತದೆ. ಕಲಬುರಗಿಯ ಸಭೆಯೊಂದರ ಮಾತು ನೇರವಾಗಿ ಪ್ರಸಾರವಾಗುತ್ತಿದೆ ಅನ್ನಿ. ಸಭೆಯಲ್ಲಿ ಹಿಂದೆ ಕುಳಿತವರಿಗೆ ಆ ಮಾತು ಬರಿ ಗಾಳಿಯಲ್ಲಿ ಹೋಗಿ ಮುಟ್ಟಬೇಕು. ಗಾಳಿಯಲ್ಲಿ ದನಿಯ ಓಟ ಸೆಕೆಂಡಿಗೆ ಸುಮಾರು 340 ಮೀಟರ್ ಅಷ್ಟೇ. ಹಾಗಾಗಿ ಹುಮನಾಬಾದದಲ್ಲಿ ರೇಡಿಯೊಕ್ಕೆ ಕಿವಿ ಹಚ್ಚಿದವಳಿಗೆ ಆ ಮಾತು ಅವರಿಗಿಂತ ಮೊದಲೇ ಕೇಳಿಸುತ್ತದೆ!

ಈ ಅಲೆಯ ಒಂದು ತುದಿಯಿಂದ ಮುಂದಿನ ತುದಿಗೆ 271 ಮೀಟರ್ ಅಂತರ. ಅಂದರೆ ಒಂದೇ ಅಲೆ ನಮ್ಮ ಒಂದು ಓಣಿಯಷ್ಟು ಉದ್ದ.

ದನಿ ಇದರ ಮೇಲೆ ಹ್ಯಾಗೆ ಏರುತ್ತದೆ? ಚಕ್ಕಡಿಯ ಮೇಲೆ ಹೇರು ಹೇರಿದ ಹಾಗೆ. ಹಾಡುವವಳ ದನಿ ಏರಿದರೆ ಅಲೆಯ ಎತ್ತರ ಏರುತ್ತದೆ. ಇಳಿದರೆ ಇಳಿಯುತ್ತದೆ. ನಮ್ಮ ರೇಡಿಯೊ ಚಕ್ಕಡಿಯನ್ನು ಬಿಟ್ಟು ಹೇರನ್ನು ಮಾತ್ರ ಇಳಿಸಿಕೊಳ್ಳುತ್ತದೆ.

ನಮ್ಮ ನಾಡಿನಲ್ಲಿ ಈ ಕೆಲಸ ಶುರುವಾದದ್ದು 1935ರಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲೇ ಒಂದು ಸಣ್ಣ ಕೇಂದ್ರ ಹೂಡಿದರು. ಅದರ ಕಸುವು ಬರೀ 30 ವ್ಯಾಟ್. ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ ಹಳೆಯ ಬಲ್ಬು 60 ವ್ಯಾಟಿನದು. ಅದರ ಅರ್ಧ! ಆ ಕೇಂದ್ರಕ್ಕೆ 'ಆಕಾಶವಾಣಿ' ಎಂದು ಹೆಸರಿಟ್ಟರು. ಮುಂದೆ ಇಡೀ ದೇಶದ ರೇಡಿಯೊಕ್ಕೆ ಅದೇ ಹೆಸರು ಬಂತು.

ರೇಡಿಯೊ ಅಲೆಯನ್ನು ಹೇಗೆ ಹಿಡಿಯುತ್ತದೆ?

ಹಳೆಯ ರೇಡಿಯೊ ಬಿಚ್ಚಿದರೆ ಒಳಗೆ ಒಂದು ಕಪ್ಪು ಕಡ್ಡಿ ಕಾಣುತ್ತದೆ. ಅದಕ್ಕೆ ತೆಳ್ಳನೆಯ ತಾಮ್ರದ ತಂತಿ ಸುತ್ತಿರುತ್ತಾರೆ. ಅದೇ ರೇಡಿಯೊದ ಕಿವಿ.

ತಾಮ್ರದಲ್ಲಿ, ಕಬ್ಬಿಣದಲ್ಲಿ, ಎಲ್ಲ ಲೋಹದಲ್ಲಿ ಕಣ್ಣಿಗೆ ಕಾಣದ ಪುಟ್ಟ ಕಣಗಳು ಇವೆ. ಅವಕ್ಕೆ ಎಲೆಕ್ಟ್ರಾನ್ ಎಂದು ಹೆಸರು. ಲೋಹದಲ್ಲಿ ಇವು ಕಟ್ಟಿಹಾಕಿದ ದನದಂತೆ ಇರುವುದಿಲ್ಲ. ಬಿಟ್ಟ ದನದಂತೆ ಅಡ್ಡಾಡುತ್ತವೆ. ರೇಡಿಯೊ ಅಲೆ ಬಂದು ತಾಗಿದಾಗ ಎಲ್ಲ ಎಲೆಕ್ಟ್ರಾನ್‌ಗಳೂ ಒಟ್ಟಿಗೆ ಅತ್ತ ಸರಿಯುತ್ತವೆ, ಒಟ್ಟಿಗೆ ಇತ್ತ ಸರಿಯುತ್ತವೆ. ಕೆರೆಯಲ್ಲಿ ಕೊಡ ಏರಿಳಿದ ಹಾಗೆ. ಈ ಸರಿದಾಟವೇ ಒಂದು ಸಣ್ಣ ಕರೆಂಟು. ಬಹಳ ಸಣ್ಣದು. ರೇಡಿಯೊದ ಸೆಲ್ಲು ಆ ಸಣ್ಣ ಕರೆಂಟನ್ನು ದೊಡ್ಡದು ಮಾಡುತ್ತದೆ. ಆಗ ನಮಗೆ ಕೇಳುತ್ತದೆ.

ಇಲ್ಲಿ ಒಬ್ಬಳು ಕೇಳಿದಳು: "ಅಕ್ಕೋರೆ, ಆಕಾಶದಾಗ ಬ್ಯಾರೆ ಬ್ಯಾರೆ ಕೇಂದ್ರದ್ದು ಇರ್ತದಲ್ಲ. ಎಲ್ಲಾ ಕಲಸಿ ಹೋಗಂಗಿಲ್ಲೇನ್ರಿ?"

ಪಂಚಮಿಯ ಜೋಕಾಲಿ ನೆನಪು ಮಾಡಿಕೊಳ್ಳಿ. ಜೋಕಾಲಿ ಜೀಕುವಾಗ ಹೊತ್ತು ನೋಡಿ ತಳ್ಳಬೇಕು. ಹಿಂದೆ ಬಂದಾಗ ತಳ್ಳಿದರೆ ಸಣ್ಣ ಹುಡುಗಿ ತಳ್ಳಿದರೂ ಜೋಕಾಲಿ ಮಾಳಿಗೆಯ ಎತ್ತರಕ್ಕೆ ಹೋಗುತ್ತದೆ. ಹೊತ್ತಲ್ಲದ ಹೊತ್ತಿಗೆ ತಳ್ಳಿದರೆ ದೊಡ್ಡವರು ತಳ್ಳಿದರೂ ನಿಲ್ಲುತ್ತದೆ. ಉದ್ದ ಹಗ್ಗದ ಜೋಕಾಲಿ ನಿಧಾನ. ಗಿಡ್ಡ ಹಗ್ಗದ್ದು ಬೇಗ. ರೇಡಿಯೊದ ಕಿವಿ ತಿರುವಿದರೆ ಒಳಗಿನ ಜೋಕಾಲಿಯ ಹಗ್ಗ ಉದ್ದ ಗಿಡ್ಡ ಆದ ಹಾಗೆ. 1107ಕ್ಕೆ ತಂದರೆ ಕಲಬುರಗಿಯ ಅಲೆ ಮಾತ್ರ ಅದನ್ನು ತಾಳಕ್ಕೆ ಸರಿಯಾಗಿ ತಳ್ಳುತ್ತದೆ. ಉಳಿದ ಕೇಂದ್ರದ ಅಲೆಗಳೂ ತಾಗುತ್ತವೆ. ಆದರೆ ಅವುಗಳ ತಾಳ ಕೂಡುವುದಿಲ್ಲ.

ಬೆಳಕೂ ಅಲೆಯೇ, ಆದರೆ...

ಈಗ ಒಂದು ಆಶ್ಚರ್ಯದ ಮಾತು. ಕಂದೀಲಿನ ಬೆಳಕು ಮತ್ತು ರೇಡಿಯೊ ಅಲೆ ಒಂದೇ ಜಾತಿ. ಅಕ್ಕ ತಂಗಿ ಅನ್ನಿ. ಇಬ್ಬರ ಓಟವೂ ಒಂದೇ. ಬೇರೆ ಇರುವುದು ಅಳತೆ. ರೇಡಿಯೊದ ಒಂದು ಅಲೆ 271 ಮೀಟರ್. ಬೆಳಕಿನ ಅಲೆ ಎಷ್ಟು ಸಣ್ಣದು ಎಂದರೆ, ಒಂದು ತಲೆಗೂದಲಿನ ದಪ್ಪದಲ್ಲಿ ನೂರಕ್ಕಿಂತ ಹೆಚ್ಚು ಅಲೆ ಹಿಡಿಯುತ್ತವೆ.

ಇನ್ನೊಂದು ಮಾತು ಇದೆ. ರಾಶಿ ಮಾಡುವಾಗ ಜೋಳ ತೂರುತ್ತೀರಲ್ಲ. ದೂರದಿಂದ ನೋಡಿದರೆ ನೀರು ಸುರಿದಂತೆ ಕಾಣುತ್ತದೆ. ಹತ್ತಿರ ಹೋದರೆ ಕಾಳು ಕಾಳು. ಬೆಳಕೂ ಹೀಗೆ. ಹರಿಯುವಾಗ ಅಲೆಯಂತೆ ಹರಿಯುತ್ತದೆ. ಆದರೆ ಯಾರಿಗಾದರೂ ತನ್ನ ಕಸುವು ಕೊಡುವಾಗ ಕಾಳು ಕಾಳಾಗಿ ಕೊಡುತ್ತದೆ. ಅರ್ಧ ಕಾಳು ಇಲ್ಲ, ಕಾಲು ಕಾಳು ಇಲ್ಲ. ಕೊಟ್ಟರೆ ಇಡೀ ಕಾಳು. ಈ ಮಾತನ್ನು 1905ರಲ್ಲಿ ಐನ್‌ಸ್ಟೀನ್ ಎಂಬ ವಿಜ್ಞಾನಿ ಹೇಳಿದರು. ಬೆಳಕಿನ ಈ ಕಾಳಿಗೆ ಈಗ ಫೋಟಾನ್ ಎಂದು ಹೆಸರು. ಈ ಕಾಳುಗಳ ಲೆಕ್ಕ ಹೇಗೆ ಹಾಕಬೇಕು ಎಂದು 1924ರಲ್ಲಿ ತೋರಿಸಿದವರು ನಮ್ಮವರೇ, ಸತ್ಯೇಂದ್ರನಾಥ ಬೋಸ್.

"ಹಂಗಾದ್ರ ರೇಡಿಯೊದ ಅಲಿಯೊಳಗ ಕಾಳು ಇಲ್ಲೇನು?" ಎಂದು ಆಯಿ ಕೇಳಿದರು.

ಇದೆ. ಆದರೆ ಅದು ಕಾಳಲ್ಲ, ಹಿಟ್ಟು. ಬೆಳಕಿನ ಒಂದೇ ಒಂದು ಕಾಳಿನ ಕಸುವಿಗೆ ರೇಡಿಯೊದ 50 ಕೋಟಿ ಕಾಳು ಕೂಡಬೇಕು. ಜೋಳವನ್ನು ಬೇಕಾದರೆ ಎಣಿಸಬಹುದು. ಹಿಟ್ಟನ್ನು ಯಾರು ಎಣಿಸುತ್ತಾರೆ? ಸೇರಿನಲ್ಲಿ ಅಳೆಯುತ್ತಾರೆ. 10 ಕಿಲೋವ್ಯಾಟ್ ಕಸುವಿನ ಒಂದು ಕೇಂದ್ರ ಒಂದೇ ಸೆಕೆಂಡಿನಲ್ಲಿ ಹೊರಗೆ ಬಿಡುವ ಇಂಥ ಕಾಳು ಎಷ್ಟು ಗೊತ್ತೇ? 1 ಬರೆದು ಅದರ ಮುಂದೆ 31 ಸೊನ್ನೆ ಬರೆಯಿರಿ. ಪಾಟಿಯ ಮೇಲೆ ಬರೆದು ನೋಡಿ. ನಮ್ಮ ಕೇಂದ್ರದಲ್ಲಿ ಯಾರ ಪಾಟಿಯಲ್ಲೂ ಒಂದು ಸಾಲಿನಲ್ಲಿ ಹಿಡಿಯಲಿಲ್ಲ.

ಆದ್ದರಿಂದ ಈ ಇಬ್ಬರು ಅಕ್ಕ ತಂಗಿಯರು ತಮ್ಮ ಕಸುವು ಮುಟ್ಟಿಸುವ ಬಗೆ ಬೇರೆ. ಬೆಳಕಿನ ಒಂದು ಕಾಳು ಬಂದು ಒಂದು ಕಣಕ್ಕೆ ಬಡಿಯುತ್ತದೆ. ಆ ಕಣ ಅದನ್ನು ನುಂಗುತ್ತದೆ. ನುಂಗಿದ ಕೂಡಲೇ ಆ ಕಣದಲ್ಲಿ ಏನೋ ಬದಲಾಗುತ್ತದೆ. ಒಬ್ಬಳಿಗೆ ಒಂದು ಕಾಳು, ಅಷ್ಟೇ ವ್ಯವಹಾರ. ರೇಡಿಯೊದಲ್ಲಿ ಹಾಗಲ್ಲ. ಅದರ ಒಂದು ಕಾಳಿನಿಂದ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಎಲ್ಲ ವಸ್ತುವಿನ ಕಣಗಳೂ ಬಿಸಿಯಿಂದ ಸದಾ ನಡುಗುತ್ತಾ ಇರುತ್ತವೆ. ಆ ನಡುಕದ ಮುಂದೆ ಒಂದು ರೇಡಿಯೊ ಕಾಳಿನ ಕಸುವು 50 ಲಕ್ಷ ಪಟ್ಟಿಗಿಂತ ಕಡಿಮೆ. ಜಾತ್ರೆಯ ಗದ್ದಲದಲ್ಲಿ ಒಂದು ಇರುವೆ ನಡೆದ ಸಪ್ಪಳ ಕೇಳಿಸುತ್ತದೆಯೇ?

ಮತ್ತೆ ದನಿ ಹೇಗೆ ಬಂತು? ತೇರಿನ ಹಗ್ಗ ನೋಡಿದ್ದೀರಿ. ಒಬ್ಬರು ಎಳೆದರೆ ತೇರು ಜಗ್ಗುವುದಿಲ್ಲ. ಒಬ್ಬರು ಈಗ, ಒಬ್ಬರು ಆಮೇಲೆ ಎಳೆದರೂ ಜಗ್ಗುವುದಿಲ್ಲ. ಎಲ್ಲರೂ ಒಂದೇ ಕೂಗಿಗೆ ಎಳೆದರೆ ಗಾಲಿ ಉರುಳುತ್ತದೆ. ರೇಡಿಯೊದ ಕಾಳುಗಳೆಲ್ಲ ಒಂದೇ ತಾಳಕ್ಕೆ ಬರುತ್ತವೆ. ತಂತಿಯಲ್ಲಿರುವ ಎಲೆಕ್ಟ್ರಾನ್‌ಗಳೆಲ್ಲ ಒಂದೇ ತಾಳಕ್ಕೆ ಸರಿಯುತ್ತವೆ. ಅದಕ್ಕೇ ಅದನ್ನು ಅಲೆ ಎಂದೇ ಹೇಳಿದರೆ ಸಾಕು. ಕಾಳಿನ ಮಾತು ಅಲ್ಲಿ ಬೇಕಾಗುವುದೇ ಇಲ್ಲ.

ಗೋಡೆಯ ಮಾತು

ಈಗ ಆಯಿಯ ಪ್ರಶ್ನೆಗೆ ಬರೋಣ. ಬೆಳಕು ಗೋಡೆಗೆ ಬಿದ್ದಾಗ ಮಣ್ಣು, ಸುಣ್ಣ, ಇಟ್ಟಿಗೆಯ ಕಣಗಳು ಬೆಳಕಿನ ಕಾಳನ್ನು ನುಂಗುತ್ತವೆ. ಇಲ್ಲವೇ ಹಿಂದಕ್ಕೆ ಎಸೆಯುತ್ತವೆ. ಸುಣ್ಣ ಬಳಿದ ಗೋಡೆ ಹೆಚ್ಚು ಎಸೆಯುತ್ತದೆ. ಅದಕ್ಕೇ ಬೆಳ್ಳಗೆ ಕಾಣುತ್ತದೆ. ಮಸಿ ಹಿಡಿದ ಅಡಿಗೆಮನೆಯ ಗೋಡೆ ಹೆಚ್ಚು ನುಂಗುತ್ತದೆ. ಅದಕ್ಕೇ ಕಪ್ಪು. ಒಟ್ಟಿನಲ್ಲಿ ಆ ಕಡೆ ಏನೂ ಹೋಗುವುದಿಲ್ಲ.

ರೇಡಿಯೊ ಅಲೆಗೆ ಒಣ ಮಣ್ಣಿನ ಗೋಡೆಯಲ್ಲಿ ಹಿಡಿಯುವವರು ಇಲ್ಲ. ಅಲ್ಲಿ ಬಿಟ್ಟ ದನದಂಥ ಎಲೆಕ್ಟ್ರಾನ್‌ಗಳಿಲ್ಲ. ಇರುವವೆಲ್ಲ ಗೂಟಕ್ಕೆ ಕಟ್ಟಿದವು. ರೇಡಿಯೊದ ಹಿಟ್ಟಿನಂಥ ಕಾಳಿಗೆ ಆ ಗೂಟ ಕೀಳುವ ಕಸುವಿಲ್ಲ. 271 ಮೀಟರ್ ಅಲೆಗೆ ಒಂದು ಮೊಳದ ಗೋಡೆ ಲೆಕ್ಕಕ್ಕೂ ಇಲ್ಲ. ಅಲೆ ಸುಮ್ಮನೆ ದಾಟಿ ಬರುತ್ತದೆ.

ಗೋಡೆ ದಪ್ಪ ಎಂದು ಬೆಳಕು ನಿಂತದ್ದಲ್ಲ, ಇದನ್ನು ನೆನಪಿಡಿ. ಗಾಜು ಗಟ್ಟಿ, ಆದರೂ ಬೆಳಕು ಬಿಡುತ್ತದೆ. ಕಾಗದ ತೆಳ್ಳಗಿದೆ, ಆದರೂ ಬೆಳಕನ್ನು ತಡೆಯುತ್ತದೆ. ಯಾವ ವಸ್ತು ಯಾವ ಕಾಳನ್ನು ನುಂಗಬಲ್ಲದು ಎಂಬುದರ ಮೇಲೆ ಎಲ್ಲ ಇದೆ.

ಆಯಿಯ ಪ್ರಶ್ನೆಯನ್ನು ನೂರು ವರ್ಷಕ್ಕೂ ಹಿಂದೆ ಇನ್ನೊಬ್ಬರು ಎಲ್ಲರ ಮುಂದೆ ಮಾಡಿ ತೋರಿಸಿದ್ದರು. ಅವರು ಜಗದೀಶಚಂದ್ರ ಬೋಸ್, ಮೊದಲು ಹೇಳಿದ ಸತ್ಯೇಂದ್ರನಾಥ ಬೋಸರಿಗೆ ಕಲಿಸಿದ ಗುರುಗಳು. 1895ರಲ್ಲಿ ಕಲ್ಕತ್ತೆಯಲ್ಲಿ ಅವರು ಕಣ್ಣಿಗೆ ಕಾಣದ ಅಲೆಯನ್ನು ಗೋಡೆ ದಾಟಿಸಿ ದೂರದ ಗಂಟೆ ಬಾರಿಸಿದರು.

ನೀವೂ ಮನೆಯಲ್ಲಿ ಮಾಡಿ ನೋಡಬಹುದು. ಸಣ್ಣ ರೇಡಿಯೊ ಇದ್ದರೆ ಮೀಡಿಯಂ ವೇವ್‌ನಲ್ಲಿ ಒಂದು ಕೇಂದ್ರ ಹಚ್ಚಿ ಮಣ್ಣಿನ ಗಡಿಗೆಯಲ್ಲಿಡಿ. ಮೇಲೆ ಮಣ್ಣಿನ ಮುಚ್ಚಳ ಮುಚ್ಚಿ. ದನಿ ಗಡಿಗೆಯೊಳಗಿಂದ ಬಂದ ಹಾಗೆ ಬರುತ್ತದೆ. ಆದರೆ ಕೇಂದ್ರ ಹೋಗುವುದಿಲ್ಲ. ಈಗ ಅದನ್ನೇ ಜರ್ಮನ್ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿ ಮಾಡಿ. ಮಾತು ಹೋಗಿ ಬರಿ ಗುಸುಗುಸು ಉಳಿಯುತ್ತದೆ. ಡಬ್ಬಿ ಲೋಹದ್ದು. ಅದರ ಎಲೆಕ್ಟ್ರಾನ್‌ಗಳೇ ಅಲೆಯನ್ನು ಹಿಡಿದು ಹಿಂದಕ್ಕೆ ಕಳಿಸುತ್ತವೆ. ಒಳಗಿನ ರೇಡಿಯೊಕ್ಕೆ ಏನೂ ಉಳಿಯುವುದಿಲ್ಲ. ಆಯಿ ಇದನ್ನು ಮೂರು ಸಲ ಮಾಡಿಸಿದರು. ಮೂರನೆಯ ಸಲ ತಾವೇ ಮುಚ್ಚಳ ತೆಗೆದು, ಹಾಡು ಮತ್ತೆ ಬಂದಾಗ, "ಬಂತು ನೋಡ, ನನ್ನ ಗುಲಬರ್ಗಾ!" ಎಂದರು.

ಲೋಹದ ಇದೇ ಗುಣದಿಂದ ನಮ್ಮ ನೆರೆಯಲ್ಲೇ ಒಂದು ದೊಡ್ಡ ಕೆಲಸ ನಡೆದಿತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಉಪಗ್ರಹದಿಂದ ನೇರವಾಗಿ ಟಿ.ವಿ. ಕಾರ್ಯಕ್ರಮ ಬಂತು. ಅದಕ್ಕೆ ಸೈಟ್ ಎಂದು ಹೆಸರು. ಕರ್ನಾಟಕದಲ್ಲಿ ಅದು ನಡೆದದ್ದು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ. ನಮ್ಮ ಬೀದರ ಜಿಲ್ಲೆಗೆ ಆ ಭಾಗ್ಯ ಬರಲಿಲ್ಲ! ಉಪಗ್ರಹ 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿಂದ ಬಂದ ಅಲೆ ಹಿಡಿಯಲು ಹಳ್ಳಿಯಲ್ಲಿ 3 ಮೀಟರ್ ಅಗಲದ ಬುಟ್ಟಿಯಂಥ ಆಂಟೆನಾ ನಿಲ್ಲಿಸಿದರು. ಅದನ್ನು ಯಾವುದರಿಂದ ಮಾಡಿದ್ದರು ಗೊತ್ತೇ? ಕೋಳಿಗೂಡಿಗೆ ಹಾಕುವ ತಂತಿಯ ಜಾಳಿಗೆಯಿಂದ!

ಜಾಳಿಗೆಯಲ್ಲಿ ತೂತು ಇರುತ್ತವೆ. ಬೆಳಕು ಆ ತೂತಿನಲ್ಲಿ ಆಚೆ ಹೋಗುತ್ತದೆ. ಆದರೆ ಆ ಟಿ.ವಿ. ಅಲೆ ಸುಮಾರು 35 ಸೆಂಟಿಮೀಟರ್ ಉದ್ದದ್ದು. ಅಷ್ಟು ದೊಡ್ಡ ಅಲೆಗೆ ಸಣ್ಣ ತೂತು ತೂತೇ ಅಲ್ಲ. ಅದಕ್ಕೆ ಇಡೀ ಜಾಳಿಗೆ ಒಂದು ತಗಡಿದ್ದ ಹಾಗೆ. ಸಾಣಿಗೆಯಲ್ಲಿ ಹಿಟ್ಟು ಇಳಿಯುತ್ತದೆ, ನುಚ್ಚು ಮೇಲೆ ಉಳಿಯುತ್ತದಲ್ಲ, ಹಾಗೆಯೇ ಅನ್ನಿ. ಅಲೆ ಜಾಳಿಗೆಗೆ ಬಡಿದು ತಿರುಗಿ ನಡುವೆ ಒಂದು ಕಡೆ ಕೂಡಿತು. ಅಲ್ಲಿಂದ ಟಿ.ವಿ.ಗೆ ಹೋಯಿತು. ತಗಡಿಗೆ ಕೊಡಬೇಕಾದ ರೊಕ್ಕವೂ ಉಳಿಯಿತು.

ಸೀರೆಯ ಬಣ್ಣ, ಎಕ್ಸ್‌ರೇ ಮತ್ತು ಟವರು

ಬೆಳಕಿನ ಕಾಳು ಏನು ಮಾಡಬಲ್ಲದು ಎಂದು ನಿಮಗೆ ಗೊತ್ತೇ ಇದೆ. ಬಿಸಿಲಿಗೆ ಒಣಹಾಕಿದ ಸೀರೆಯ ಬಣ್ಣ ಹೋಗುತ್ತದೆ. ಟ್ರಂಕಿನಲ್ಲಿಟ್ಟ ಸೀರೆಯ ಬಣ್ಣ ಉಳಿಯುತ್ತದೆ. ಬಿಸಿಲಿನ ಕಾಳು ಬಣ್ಣದ ಕಣಕ್ಕೆ ಬಡಿದು ಅದನ್ನು ಒಡೆಯುತ್ತದೆ. ಅದರಲ್ಲೂ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣದ ಕಾಳು ಇನ್ನೂ ದಪ್ಪ. ಹಾಗೆ ನೋಡಿದರೆ ರೇಡಿಯೊ ಅಲೆಯೂ ಹಗಲು ರಾತ್ರಿ ನಮ್ಮ ಸೀರೆಯ ಮೇಲೆ ಬೀಳುತ್ತಲೇ ಇದೆ. ಅದರಿಂದ ಯಾರ ಸೀರೆಯ ಬಣ್ಣವೂ ಹೋಗಿಲ್ಲ.

ಎಕ್ಸ್‌ರೇ ಕಾಳು ಬೆಳಕಿನ ಕಾಳಿಗಿಂತ ಸಾವಿರಾರು ಪಟ್ಟು ದಪ್ಪ. ಅದು ಮೈಯೊಳಗಿನ ಕಣಗಳನ್ನು ಒಡೆಯಬಲ್ಲದು. ಎಲುಬು ಮುರಿದಾಗ ಅದು ಬೇಕೇ ಬೇಕು. ಒಂದೆರಡು ಸಲಕ್ಕೆ ಹೆದರಬೇಕಾಗಿಲ್ಲ. ಆದರೆ ಬಸುರಿ ಇದ್ದರೆ, ಅಥವಾ ತಿಂಗಳು ತಪ್ಪಿದ್ದರೆ, ಎಕ್ಸ್‌ರೇ ತೆಗೆಯುವ ಮೊದಲೇ ಡಾಕ್ಟರಿಗೆ ಹೇಳಬೇಕು. ನಾಚಿಕೊಂಡು ಸುಮ್ಮನಿರಬಾರದು. ಅವರು ಕೇಳದಿದ್ದರೂ ನೀವೇ ಹೇಳಿ.

ಈಗ ಎಲ್ಲ ಊರಲ್ಲೂ ಮೊಬೈಲ್ ಟವರು ಬಂದಿವೆ. ಟವರಿನ ಅಲೆಯೂ ರೇಡಿಯೊ ಅಲೆಯ ಜಾತಿಯದೇ. ಅದರ ಕಾಳು ಬೆಳಕಿನ ಕಾಳಿಗಿಂತ ಲಕ್ಷಾಂತರ ಪಟ್ಟು ಸಣ್ಣದು. ಮೈಯ ಕಣಗಳನ್ನು ಒಡೆಯುವ ಕಸುವು ಅದಕ್ಕಿಲ್ಲ. ಬಹಳ ಜೋರಾದರೆ ಬಿಸಿ ಮಾಡುತ್ತದೆ. ಅದಕ್ಕೇ ಟವರು ಹತ್ತಿ ಆಂಟೆನಾ ಎದುರು ನಿಲ್ಲಬಾರದು. ಕೆಳಗೆ, ದೂರದಲ್ಲಿ ಇರುವವರಿಗೆ ಅಲೆ ಹರಡಿ ಬಹಳ ತೆಳುವಾಗಿರುತ್ತದೆ. ಟವರಿಗಿಂತ ಹೆಚ್ಚು ಹೆದರಬೇಕಾದದ್ದು ಸಿಡಿಲಿಗೆ. ಅದೂ ರೇಡಿಯೊದಲ್ಲೇ ಗೊತ್ತಾಗುತ್ತದೆ. ಮಿಂಚಿನಿಂದಲೂ ರೇಡಿಯೊ ಅಲೆ ಏಳುತ್ತದೆ. ಮೀಡಿಯಂ ವೇವ್‌ನಲ್ಲಿ ಚರ್‌ಚರ್ ಎಂದು ಮತ್ತೆ ಮತ್ತೆ ಸಪ್ಪಳ ಬಂದು, ಮುಗಿಲು ಕಪ್ಪಾಗಿದ್ದರೆ, ಹೊಲ ಬಿಟ್ಟು ಮನೆ ಸೇರಿ. ಗಿಡದ ಕೆಳಗೆ ನಿಲ್ಲಬೇಡಿ.

ಕಣ್ಣಿನ ಆಂಟೆನಾ

ನಾಲ್ಕು ದಿನ ಓದುತ್ತಾ ಕುಳಿತಾಗ ಒಂದು ಪುಟದಲ್ಲಿ ನಿಂತುಬಿಟ್ಟೆ. ಕಣ್ಣು ಬೆಳಕನ್ನು ಹೇಗೆ ಹಿಡಿಯುತ್ತದೆ ಎಂದು ಅಲ್ಲಿ ಬರೆದಿತ್ತು. ನನಗೆ ಆ ಸಣ್ಣ ಹುಡುಗಿಯ ನೆನಪಾಯಿತು.

ಕಣ್ಣಿನೊಳಗೆ, ಹಿಂಭಾಗದಲ್ಲಿ ಒಂದು ಪರದೆ ಇದೆ. ಅದರಲ್ಲಿ ಕೋಟಿಗಟ್ಟಲೆ ಸಣ್ಣ ಕೋಶಗಳಿವೆ. ಮಬ್ಬುಗತ್ತಲೆಯಲ್ಲಿ ನೋಡುವುದಕ್ಕೇ ಬೇರೆ ಜಾತಿಯ ಕೋಶಗಳಿವೆ. ಆ ಕೋಶಗಳಲ್ಲಿ ಬೆಳಕನ್ನು ನುಂಗುವ ಕಣ ಒಂದಿದೆ. ಆ ಕಣ ಬಾಗಿಲ ಚಿಲಕದ ಹಾಗೆ ಬಾಗಿರುತ್ತದೆ. ಬೆಳಕಿನ ಒಂದೇ ಒಂದು ಕಾಳು ಬಂದು ಬಡಿದರೆ ಸಾಕು. ಬಾಗಿದ್ದದ್ದು ನೆಟ್ಟಗಾಗುತ್ತದೆ. ಚಿಲಕ ತೆರೆಯುತ್ತದೆ. ಸುದ್ದಿ ಮೆದುಳಿಗೆ ಹೋಗುತ್ತದೆ. ಇಷ್ಟು ಚುರುಕು ನಮ್ಮ ಕಣ್ಣು!

ಈ ಚಿಲಕವನ್ನು ಮೈ ಯಾವುದರಿಂದ ಮಾಡುತ್ತದೆ? 'ಎ' ಜೀವಸತ್ವದಿಂದ. ಅದು ನಾವು ಉಣ್ಣುವ ಊಟದಿಂದಲೇ ಬರಬೇಕು. ಮೈ ತಾನೇ ಹೊಸದಾಗಿ ಹುಟ್ಟಿಸಿಕೊಳ್ಳುವುದಿಲ್ಲ. ಊಟದಲ್ಲಿ ಅದು ಇಲ್ಲದಿದ್ದರೆ ಚಿಲಕಗಳು ಕಡಿಮೆಯಾಗುತ್ತವೆ. ಹಗಲು ಬೆಳಕಿನ ಕಾಳು ಮಳೆಯಂತೆ ಸುರಿಯುತ್ತವೆ. ಆಗ ಹೇಗೋ ನಡೆಯುತ್ತದೆ. ಸಂಜೆ ಬರುವುದೇ ನಾಲ್ಕು ಕಾಳು. ಹಿಡಿಯುವವರೂ ಇಲ್ಲದಿದ್ದರೆ ಕಣ್ಣು ಕುರುಡು. ತಂತಿ ಕಿತ್ತ ರೇಡಿಯೊದಂತೆ. ಅಲೆ ಮನೆ ತುಂಬಾ ಇದೆ. ಹಿಡಿಯುವುದಕ್ಕೆ ಒಳಗೆ ಏನೂ ಇಲ್ಲ.

ಇದಕ್ಕೆ ಇರುಳುಗಣ್ಣು ಎನ್ನುತ್ತಾರೆ. ನೆದರಲ್ಲ, ಕಾಟವಲ್ಲ. ಸಣ್ಣ ಮಕ್ಕಳಿಗೆ, ಬಸುರಿಯರಿಗೆ ಬರುತ್ತದೆ. ಸುಮ್ಮನೆ ಬಿಟ್ಟರೆ ಕಣ್ಣಿನ ಬಿಳಿ ಭಾಗ ಒಣಗುತ್ತದೆ. ಆಮೇಲೆ ಕರಿಗುಡ್ಡೆಗೆ ಹುಣ್ಣಾಗಿ ಕಣ್ಣೇ ಹೋಗಬಹುದು. ಹೋದ ಕಣ್ಣು ತಿರುಗಿ ಬರುವುದಿಲ್ಲ. ಸಂಜೆ ಎಡವುವ ಹೊತ್ತಿನಲ್ಲೇ ಹಿಡಿದರೆ ಪೂರಾ ವಾಸಿಯಾಗುತ್ತದೆ.

ಮರುದಿನ ಮುಂಜಾನೆ ನಾನು ಆ ತಾಯಿಯ ಮನೆಗೆ ಹೋದೆ. ಅವಳ ಅತ್ತೆಗೂ ಕೂಡಿಸಿ ಹೇಳಿದೆ. ಅತ್ತೆ ಮೊದಲು ಒಪ್ಪಲಿಲ್ಲ. "ದಾರಾ ಬಿಚ್ಚಬ್ಯಾಡ್ರಿ" ಎಂದರು. "ದಾರಾ ಇರಲ್ರಿ ಅತ್ತಿ, ದವಾಖಾನಿಗೂ ಹೋಗೋಣ" ಎಂದೆ. ಮೂವರೂ ಮಗುವನ್ನು ಕರೆದುಕೊಂಡು ಹೋದೆವು. ಡಾಕ್ಟರು ಕಣ್ಣು ನೋಡಿ 'ಎ' ಜೀವಸತ್ವದ ಔಷಧ ಕುಡಿಸಿದರು. ಮರುದಿನ ಮತ್ತೆ ಬರಲು ಹೇಳಿದರು. ಏನು ಉಣಿಸುತ್ತೀರಿ ಎಂದು ಕೇಳಿದರು. ತಾಯಿ ರೊಟ್ಟಿ, ಬ್ಯಾಳಿ, ಖಾರ ಎಂದಳು. ಪಲ್ಯ? ಮಗು ಒಲ್ಲೆ ಅನ್ನುತ್ತದೆ ಎಂದಳು.

ಅಕ್ಕಂದಿರೇ, ಇದಕ್ಕೆ ರೊಕ್ಕ ಬೇಕಾಗಿಲ್ಲ. ನುಗ್ಗೆಯ ತಪ್ಪಲು ಹಿತ್ತಲಲ್ಲೇ ಇದೆ. ಮೆಂತೆ ಪಲ್ಯ, ಪಾಲಕ, ರಾಜಗಿರಿ ಸಂತೆಯಲ್ಲಿ ಸಿಗುತ್ತವೆ. ಗಜ್ಜರಿ, ಹಣ್ಣಾದ ಪಪ್ಪಾಯಿ, ಮಾವಿನ ಹಣ್ಣು, ತತ್ತಿ, ಹಾಲು, ಎಲ್ಲದರಲ್ಲೂ ಇದೆ. ಪಲ್ಯಕ್ಕೆ ಒಂದು ಚಮಚ ಎಣ್ಣೆ ಹಾಕಿ. ಎಣ್ಣೆ ಇದ್ದರೆ ಈ ಜೀವಸತ್ವ ಮೈಗೆ ಚೆನ್ನಾಗಿ ಹತ್ತುತ್ತದೆ. ಒಲ್ಲೆ ಅನ್ನುವ ಮಗುವಿಗೆ ತಪ್ಪಲನ್ನು ಸಣ್ಣಗೆ ಹೆಚ್ಚಿ ರೊಟ್ಟಿಯ ಹಿಟ್ಟಿನಲ್ಲೇ ನಾದಿ ಬಡಿಯಿರಿ. ಗೊತ್ತೇ ಆಗುವುದಿಲ್ಲ. ಕೂಸು ಹುಟ್ಟಿದ ಕೂಡಲೇ ಬರುವ ಹಳದಿ ಗಿಣ್ಣುಹಾಲಿನಲ್ಲಿ ಇದು ತುಂಬಾ ಇರುತ್ತದೆ. ಅದನ್ನು ಹಿಂಡಿ ಚೆಲ್ಲಬೇಡಿ.

ಮಗುವಿಗೆ 9 ತಿಂಗಳಾದಾಗ ದಡಾರದ ಚುಚ್ಚುಮದ್ದಿನ ಜೊತೆ 'ಎ' ಜೀವಸತ್ವದ ಹನಿ ಕುಡಿಸುತ್ತಾರೆ. ಆಮೇಲೆ 5 ವರ್ಷದ ತನಕ ಆರು ತಿಂಗಳಿಗೊಮ್ಮೆ. ಅಂಗನವಾಡಿಯಲ್ಲಿ ಕೇಳಿ. ಮಗುವಿನ ಕಾರ್ಡಿನಲ್ಲಿ ಬರೆಸಿ. ಈಗ ನಿಮಗೆ ಓದಲು ಬರುತ್ತದೆ. ಯಾವ ತಾರೀಖಿಗೆ ಕುಡಿಸಿದರು, ಮುಂದಿನದು ಯಾವಾಗ, ನೀವೇ ಓದಿ ನೋಡಿ. ಒಂದು ಎಚ್ಚರ: ಬಸುರಿಯರು ಈ ಔಷಧವನ್ನು ತಾವಾಗಿಯೇ ಕುಡಿಯಬಾರದು. ಹೆಚ್ಚಾದರೆ ಹೊಟ್ಟೆಯಲ್ಲಿರುವ ಕೂಸಿಗೆ ಕೆಡುಕು. ಬಸುರಿಯರಿಗೆ ಪಲ್ಯ, ಹಣ್ಣೇ ಒಳ್ಳೆಯದು. ಕತ್ತಲಲ್ಲಿ ಕಾಣದಿದ್ದರೆ ಡಾಕ್ಟರಿಗೆ ಹೇಳಬೇಕು.

ಆ ವಾರವೆಲ್ಲ ತಾಯಿ ಕೇಂದ್ರಕ್ಕೆ ಬರಲಿಲ್ಲ. ಮುಂದಿನ ವಾರ ಬಂದಳು. ಅವತ್ತು ಕರೆಂಟು ಹೋಗಿತ್ತು. ಕಂದೀಲಿನ ಗಾಜು ಒರೆಸುತ್ತಾ ಕುಳಿತಿದ್ದೆ. ಆಯಿಯ ರೇಡಿಯೊ ಆ ಮೂಲೆಯಲ್ಲಿ ಮಾಡದಲ್ಲಿತ್ತು. ಕೇಂದ್ರ ಸರಿದು ಬರೀ ಚರ್‌ಚರ್ ಎನ್ನುತ್ತಿತ್ತು.

"ಯಾರರೆ ಅದರ ಕಿವಿ ತಿರುವ್ರೇ" ಎಂದರು ಆಯಿ.

ಸಣ್ಣ ಹುಡುಗಿ ಎದ್ದಳು. ನಡುವೆ ಪಾಟಿ ಚೀಲಗಳು ಬಿದ್ದಿದ್ದವು. ನೀರಿನ ಕೊಡ ಇತ್ತು. ಅವನ್ನೆಲ್ಲ ಸುತ್ತುಹಾಕಿ ಮಾಡದ ಹತ್ತಿರ ಹೋಗಿ ಕೈಯೆತ್ತಿದಳು. ತಾಯಿ ಬಾಯಿಗೆ ಸೆರಗು ಹಚ್ಚಿಕೊಂಡು ನೋಡುತ್ತಿದ್ದಳು.

"ಇನ್ನಾ ಸ್ವಲ್ಪ ತಿರುವ, ನನ್ನವ್ವಾ," ಎಂದರು ಆಯಿ. "ಹಾಂ, ಬಂತ. ಅಲ್ಲೇ ಬಿಡು."